ಕೆಲಸ ಮುಗಿದ ಮೇಲೆ: ಗಲ್ಫ್ ಕನ್ನಡಿಗನ ಎರಡು ವಿದಾಯಗಳು



ಸಂಘಟಕರು ನನಗೆ ಕೊಟ್ಟ ವಿಷಯ ‘ನಿವೃತ್ತಿ ಯೋಜನೆ’. ಮುಂದಿನ ಸಾಲಿನಲ್ಲಿ ಕೆಲವರು ಪೆನ್ನು, ನೋಟ್‌ಬುಕ್ ಹಿಡಿದು ಕೂತಿದ್ದೀರಿ. ಯಾವ ಫಂಡಿಗೆ ಎಷ್ಟು ಹಾಕಬೇಕು ಎಂದು ಬರೆದುಕೊಳ್ಳಲು ಇರಬೇಕು. ದುಡ್ಡಿನ ಮಾತೂ ಆಡುತ್ತೇನೆ, ಅದನ್ನು ಬಿಟ್ಟರೆ ಮುಂದಿನದು ಬರೀ ಉಪದೇಶವಾಗುತ್ತದೆ. ಆದರೆ ನನ್ನ ಸಮಯದ ಹೆಚ್ಚಿನ ಪಾಲು ಇನ್ನೊಂದು ವಿಷಯಕ್ಕೆ ಮೀಸಲು.

ನಾನು ಇಲ್ಲಿ ಬಹಳ ವರ್ಷ ದುಡಿದದ್ದು ಲೆಕ್ಕಪತ್ರ ವಿಭಾಗದಲ್ಲಿ. ಕೆಲಸ ಬಿಟ್ಟು ಹೋಗುವವರ ‘ಫೈನಲ್ ಸೆಟಲ್‌ಮೆಂಟ್’ ಹಾಳೆ ತಯಾರಿಸುವುದು ನನ್ನ ಕೆಲಸಗಳಲ್ಲಿ ಒಂದು. ಗ್ರಾಚುಟಿ ಇಷ್ಟು, ಉಳಿದ ರಜೆಯ ಸಂಬಳ ಇಷ್ಟು, ವಿಮಾನದ ಟಿಕೆಟ್ ಇಷ್ಟು, ಕಡಿತ ಇಷ್ಟು, ಕೆಳಗೆ ಸಹಿ. ಆ ಹಾಳೆಯ ಮುಂದೆ ಕೂತವರು ಎರಡೇ ಪ್ರಶ್ನೆ ಕೇಳುತ್ತಿದ್ದರು. ಒಟ್ಟು ಎಷ್ಟು ಬರುತ್ತದೆ? ವೀಸಾ ಯಾವಾಗ ಕ್ಯಾನ್ಸಲ್ ಆಗುತ್ತದೆ? ಈ ಎರಡೂ ಪ್ರಶ್ನೆ ಒಂದೇ ಮೇಜಿನ ಮೇಲೆ, ಒಂದೇ ದಿನ ಬರುತ್ತವಲ್ಲ, ನಮ್ಮ ನಿವೃತ್ತಿಗೂ ಬೇರೆಯವರ ನಿವೃತ್ತಿಗೂ ಇರುವ ವ್ಯತ್ಯಾಸ ಅದೇ.

ಅಮೆರಿಕದಲ್ಲಿರುವ ನಮ್ಮ ಕನ್ನಡಿಗ ಬಂಧುವನ್ನು ನೋಡಿ. ಸುಮಾರು ಹತ್ತು ವರ್ಷ ತೆರಿಗೆ ಕಟ್ಟಿ 40 ಕ್ರೆಡಿಟ್ ಗಳಿಸಿದರೆ ಅವನಿಗೆ ಸೋಶಿಯಲ್ ಸೆಕ್ಯೂರಿಟಿಯ ಹಕ್ಕು ಬರುತ್ತದೆ, 65ಕ್ಕೆ ಮೆಡಿಕೇರ್ ಬರುತ್ತದೆ. ಕೆಲಸ ಬಿಟ್ಟ ಮರುದಿನವೂ ಅವನು ಅದೇ ಮನೆಯಲ್ಲಿ ಏಳುತ್ತಾನೆ, ಅದೇ ಅಂಗಡಿಗೆ ಹಾಲು ತರಲು ಹೋಗುತ್ತಾನೆ, ಅದೇ ಕನ್ನಡ ಸಂಘದ ಯುಗಾದಿ ಊಟಕ್ಕೆ ಹೋಗುತ್ತಾನೆ. ಅವನು ಕಳೆದುಕೊಂಡದ್ದು ಕೆಲಸ ಒಂದನ್ನು. ಗಲ್ಫಿನಲ್ಲಿ ನಮ್ಮ ಬದುಕೆಲ್ಲ ಒಂದೇ ಮೊಳೆಗೆ ನೇತುಹಾಕಿದ ಹಾಗಿದೆ. ವೀಸಾ, ಬಾಡಿಗೆ ಮನೆ, ಆರೋಗ್ಯ ವಿಮೆ, ಹೆಂಡತಿ ಮಕ್ಕಳ ವಾಸದ ಪರವಾನಗಿ, ಬ್ಯಾಂಕ್ ಖಾತೆ, ಗೆಳೆಯರು, ವಾರಾಂತ್ಯದ ಯಕ್ಷಗಾನ ತರಗತಿ ಎಲ್ಲವೂ ಆ ಮೊಳೆಯಲ್ಲೇ ಇವೆ. ಮೊಳೆ ಅಂದರೆ ಕೆಲಸ. ಅದನ್ನು ಕಿತ್ತ ದಿನ ಉಳಿದದ್ದೂ ಒಟ್ಟಿಗೆ ಬೀಳುತ್ತದೆ. ಕೆಲಸಕ್ಕೆ ಒಂದು ವಿದಾಯ, ಇಪ್ಪತ್ತೈದು ವರ್ಷ ಬದುಕಿದ ಊರಿಗೆ ಇನ್ನೊಂದು. ಎರಡೂ ಒಂದೇ ವಾರದಲ್ಲಿ.

ನಮ್ಮ ಅಜ್ಜಂದಿರಿಗೆ ನಿವೃತ್ತಿ ಎಂಬ ದಿನವೇ ಇರಲಿಲ್ಲ ಎಂಬುದನ್ನೂ ನೆನಪಿಸಿಕೊಳ್ಳಿ. ಇಂತಿಷ್ಟು ವಯಸ್ಸಾದರೆ ಪಿಂಚಣಿ ಸಿಗಬೇಕು ಎಂಬ ಏರ್ಪಾಡು ಇಡೀ ದೇಶಕ್ಕೆ ಕಾನೂನಾಗಿ ಬಂದದ್ದು 1889ರಲ್ಲಿ ಜರ್ಮನಿಯಲ್ಲಿ, ಅದೂ 70 ತುಂಬಿದವರಿಗೆ. ಗದ್ದೆ ತೋಟದ ಯಜಮಾನ ನಿಧಾನವಾಗಿ ಬಿಡುತ್ತಿದ್ದ. ಮೊದಲು ಉಳುಮೆ ಮಗನಿಗೆ ಹೋಗುತ್ತಿತ್ತು. ಆಮೇಲೆ ಅಡಿಕೆ ವ್ಯಾಪಾರ ಹೋಗುತ್ತಿತ್ತು. ಕೆಲವು ವರ್ಷ ಕಳೆದು ಕಪಾಟಿನ ಬೀಗದ ಕೈ. ಕೊನೆಗೆ ಜಗಲಿಯಲ್ಲಿ ಕೂತು, ನೀರು ಬಿಟ್ಟಿರೋ ಇಲ್ಲವೋ ಎಂದು ಕೂಗಿ ಕೇಳುವ ಅಧಿಕಾರ ಒಂದು ಉಳಿಯುತ್ತಿತ್ತು. ಆ ಅಧಿಕಾರವನ್ನು ಯಾರೂ ಕಸಿಯುತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಹಂತ ಹಂತವಾಗಿ ಆಗುತ್ತಿದ್ದ ಕೆಲಸ ನಮಗೆ ಒಂದು ಮಧ್ಯಾಹ್ನದಲ್ಲಿ, ಐಡಿ ಕಾರ್ಡ್ ವಾಪಸ್ ಕೊಡುವಷ್ಟು ಹೊತ್ತಿನಲ್ಲಿ ಆಗಿಬಿಡುತ್ತದೆ.

ಈಗ ದುಡ್ಡಿನ ಮಾತು. ಯುಎಇಯಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಸಂಬಳ ಗ್ರಾಚುಟಿಯಾಗಿ ಸಿಗುತ್ತದೆ. ಒಟ್ಟು ಮೊತ್ತ ಎರಡು ವರ್ಷದ ಸಂಬಳವನ್ನು ಮೀರುವಂತಿಲ್ಲ. ಕೆಲಸ ಮುಗಿದು 14 ದಿನದೊಳಗೆ ಬಾಕಿಯೆಲ್ಲ ಕೊಡಬೇಕು. ಇಲ್ಲಿ ಸಂಬಳ ಎಂದರೆ ಬೇಸಿಕ್ ಸಂಬಳ. ಮನೆ ಬಾಡಿಗೆ, ಸಾರಿಗೆ ಭತ್ಯೆ ಇದರಲ್ಲಿ ಸೇರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಕೈಗೆ 8,000 ದಿರ್ಹಂ ಬರುತ್ತದೆ, ಬೇಸಿಕ್ 4,000, ಸೇವೆ 25 ವರ್ಷ ಎಂದಿಟ್ಟುಕೊಳ್ಳಿ. ಮೊದಲ ಐದು ವರ್ಷಕ್ಕೆ 105 ದಿನ, ಉಳಿದ ಇಪ್ಪತ್ತಕ್ಕೆ 600 ದಿನ, ಒಟ್ಟು 705 ದಿನ. ಅಂದರೆ ಇಪ್ಪತ್ತಮೂರೂವರೆ ತಿಂಗಳ ಬೇಸಿಕ್, 94,000 ದಿರ್ಹಂ. ದಿರ್ಹಂಗೆ 23 ರೂಪಾಯಿ ಹಿಡಿದರೆ ಇಪ್ಪತ್ತೊಂದೂವರೆ ಲಕ್ಷ ರೂಪಾಯಿ ಚಿಲ್ಲರೆ. ‘8,000 ಸಂಬಳ, 25 ವರ್ಷ’ ಎಂದು ಮನಸ್ಸಿನಲ್ಲೇ ಗುಣಿಸಿಕೊಂಡು ಬಂದವರು ಈ ಅಂಕಿ ನೋಡಿ ಸುಮ್ಮನೆ ಕೂತುಬಿಡುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಕಂಪನಿ ಮೋಸ ಮಾಡಿರುವುದಿಲ್ಲ, ಕಾನೂನೇ ಹಾಗಿದೆ. ನೆರೆ ದೇಶಗಳ ಲೆಕ್ಕ ಬೇರೆ. ಸೌದಿಯಲ್ಲಿ ಮೊದಲ ಐದು ವರ್ಷಕ್ಕೆ ಅರ್ಧ ತಿಂಗಳು, ಆಮೇಲೆ ಒಂದು ತಿಂಗಳು. ಕತಾರಿನಲ್ಲಿ ವರ್ಷಕ್ಕೆ ಕನಿಷ್ಠ ಮೂರು ವಾರದ ಬೇಸಿಕ್. ಬಹರೈನಿನಲ್ಲಿ 2024ರ ಮಾರ್ಚ್‌ನಿಂದ ಕಂಪನಿಗಳು ಈ ಹಣವನ್ನು ತಿಂಗಳು ತಿಂಗಳು ಸಾಮಾಜಿಕ ವಿಮಾ ಸಂಸ್ಥೆಗೆ ಕಟ್ಟಬೇಕಾಗಿದೆ. ನಿಮ್ಮ ಕರಾರುಪತ್ರದಲ್ಲಿ ಬೇಸಿಕ್ ಎಷ್ಟಿದೆ ಎಂಬುದನ್ನು ನಾಳೆಯೇ ತೆಗೆದು ನೋಡಿ. ನಲವತ್ತೈದರ ವಯಸ್ಸಿನಲ್ಲಿ ನೋಡಿದರೆ ಏನಾದರೂ ಮಾಡಬಹುದು.

ಊರಿನಲ್ಲಿ ತಿಂಗಳಿಗೆ 40,000 ರೂಪಾಯಿ ಖರ್ಚು ಎಂದರೆ ಮೇಲಿನ ಗ್ರಾಚುಟಿ ನಾಲ್ಕೂವರೆ ವರ್ಷಕ್ಕೆ ಸಾಕು. ಅರವತ್ತಕ್ಕೆ ಹೋದವನು ಎಂಬತ್ತೈದರವರೆಗೆ ಬದುಕಬಹುದು. ಬೆಲೆ ವರ್ಷಕ್ಕೆ ಶೇಕಡಾ 6 ಏರಿದರೆ 12 ವರ್ಷದಲ್ಲಿ ಎರಡರಷ್ಟಾಗುತ್ತದೆ. 72ನ್ನು ಶೇಕಡಾವಾರಿನಿಂದ ಭಾಗಿಸಿದರೆ ಎಷ್ಟು ವರ್ಷಕ್ಕೆ ದುಪ್ಪಟ್ಟು ಎಂದು ಸಿಗುತ್ತದೆ, ಬ್ಯಾಂಕಿನವರ ಹಳೆಯ ಉಪಾಯ ಇದು. ಇವತ್ತಿನ 40,000ದ ಬದುಕಿಗೆ 72ನೆಯ ವಯಸ್ಸಿನಲ್ಲಿ 80,000 ಬೇಕು, 84ರಲ್ಲಿ ಒಂದು ಲಕ್ಷ ಅರವತ್ತು ಸಾವಿರ. ಗ್ರಾಚುಟಿ ಮುಗಿಯುವುದು ಅರವತ್ತೈದಕ್ಕೂ ಮೊದಲು. ಹಾಗಾಗಿ ಗ್ರಾಚುಟಿಯನ್ನು ನಿವೃತ್ತಿಯ ನಿಧಿ ಎಂದು ಕರೆಯಬೇಡಿ. ಅದು ಊರಿಗೆ ಹೋಗಿ ಕಾಲೂರುವ ತನಕದ ದಾರಿ ಖರ್ಚು. ನಿಧಿಯನ್ನು ಸಂಬಳದಿಂದ, ಪ್ರತಿ ತಿಂಗಳು, ಬೇರೆಯಾಗಿಯೇ ಕಟ್ಟಬೇಕು. ನಮ್ಮಂಥ ಅನಿವಾಸಿಗಳು ಎನ್‌ಪಿಎಸ್‌ಗೆ ಸೇರಬಹುದು. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಅನಿವಾಸಿಯಾಗಿರುವವರೆಗೆ ಸೇರುವಂತಿಲ್ಲ. ಊರಿಗೆ ಮರಳಿ ನಿವಾಸಿಯಾಗಿ 60 ತುಂಬಿದ ಮೇಲೆ ಅದರಲ್ಲಿ 30 ಲಕ್ಷದವರೆಗೆ ಇಡಬಹುದು.

ಮನೆಯ ವಿಷಯ ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಕರಾವಳಿಯ ಯಾವ ಊರಿಗೆ ಹೋದರೂ ಒಂದು ಗಲ್ಫ್ ಮನೆ ಸಿಗುತ್ತದೆ. ಆರು ಕೋಣೆ, ಎರಡು ಮಹಡಿ, ಗೇಟಿಗೆ ಗ್ರಾನೈಟ್, ಒಳಗೆ ಇಬ್ಬರು ಮುದುಕರು ಮತ್ತು ಒಂದು ನಾಯಿ. ಅದಕ್ಕೆ ಪ್ರತಿ ಮಳೆಗಾಲ ಕಳೆದ ಮೇಲೆ ಬಣ್ಣ ಬೇಕು, ತಾರಸಿಗೆ ಸೋರಿಕೆಯ ಚಿಕಿತ್ಸೆ ಬೇಕು. ದುಡಿಯುವ ಕಾಲದಲ್ಲಿ ಅದು ನಮ್ಮ ಮರ್ಯಾದೆಯ ಗುರುತು, ಇಲ್ಲ ಎನ್ನುವುದಿಲ್ಲ. ಆದರೆ ಎಪ್ಪತ್ತರಲ್ಲಿ ಮಂಡಿ ನೋವಿಗೆ ಮೆಟ್ಟಿಲು ಹತ್ತಲಾಗದವರಿಗೆ ಮೇಲಿನ ಮಹಡಿ ಯಾಕೆ? ಆ ಮಹಡಿಯ ದುಡ್ಡು ಇಬ್ಬರ ಹದಿನೈದು ವರ್ಷದ ಔಷಧಿಗೆ ಆಗುತ್ತಿತ್ತು. ಇನ್ನೂ ಅಡಿಪಾಯ ಹಾಕದವರು ಯೋಚಿಸಿ. ಹಾಕಿದವರಿಗೆ ಏನೂ ಹೇಳುವುದಿಲ್ಲ, ಅವರ ಹೆಂಡತಿಯರು ಹೇಳಿರುತ್ತಾರೆ.

ತೆರಿಗೆ, ಖಾತೆಗಳ ಬಗ್ಗೆ ಎರಡು ಮಾತು ಸಾಕು, ಉಳಿದದ್ದನ್ನು ನಿಮ್ಮ ಲೆಕ್ಕಪರಿಶೋಧಕರಲ್ಲಿ ಕೇಳಿ. ಕಾಯಂ ಆಗಿ ಮರಳಿದ ಮೇಲೆ ಎನ್‌ಆರ್‌ಇ ಖಾತೆಯನ್ನು ನಿವಾಸಿ ಖಾತೆಯಾಗಿ ಬದಲಿಸಬೇಕು ಅಥವಾ ಆರ್‌ಎಫ್‌ಸಿ ಖಾತೆಗೆ ಹಾಕಬೇಕು. ಆಮೇಲೆ ಎನ್‌ಆರ್‌ಇ ಬಡ್ಡಿಗೆ ಇದ್ದ ತೆರಿಗೆ ವಿನಾಯಿತಿ ಇರುವುದಿಲ್ಲ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು, ಅಥವಾ ಹಿಂದಿನ 7 ವರ್ಷಗಳಲ್ಲಿ ಒಟ್ಟು 729 ದಿನ ಅಥವಾ ಅದಕ್ಕಿಂತ ಕಡಿಮೆ ಭಾರತದಲ್ಲಿದ್ದವರು, ಊರಿಗೆ ಹೋದ ಮೇಲೆ ಸಾಮಾನ್ಯವಾಗಿ ಎರಡು ವರ್ಷ, ಕೆಲವೊಮ್ಮೆ ಮೂರು ವರ್ಷ, ‘ನಿವಾಸಿ ಆದರೆ ಸಾಮಾನ್ಯ ನಿವಾಸಿ ಅಲ್ಲ’ ಎಂಬ ವಿಚಿತ್ರ ಹೆಸರಿನ ವರ್ಗದಲ್ಲಿರುತ್ತಾರೆ. ಆ ಅವಧಿಯಲ್ಲಿ ವಿದೇಶದಲ್ಲಿರುವ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಬೀಳುವುದಿಲ್ಲ. ಇನ್ನು, ಹೊರಡುವ ಮೊದಲು ಇಲ್ಲಿನ ಕ್ರೆಡಿಟ್ ಕಾರ್ಡ್, ಸಾಲಗಳನ್ನು ಮುಗಿಸಿ ಬ್ಯಾಂಕಿನಿಂದ ಪತ್ರ ತೆಗೆದುಕೊಳ್ಳಿ. ಬಾಯಿಮಾತು ಸಾಲದು.

ಆರೋಗ್ಯ ವಿಮೆಯ ಮಾತಿಗೆ ಇನ್ನಷ್ಟು ತೂಕವಿದೆ. ಕಂಪನಿಯ ವಿಮೆ ವೀಸಾದ ಜೊತೆಗೇ ಹೋಗುತ್ತದೆ. ಈ ಸಭೆಯಲ್ಲಿ ಸಕ್ಕರೆ ಕಾಯಿಲೆ ಇಲ್ಲದವರು ಕೈ ಎತ್ತಿ ಎಂದರೆ ಕೈಗಳು ಕಡಿಮೆ ಇರಬಹುದು. ಭಾರತದಲ್ಲಿ ಹೊಸ ವಿಮೆ ತೆಗೆದುಕೊಂಡರೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಇರುತ್ತದೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಆ ಅವಧಿಯ ಮಿತಿಯನ್ನು 48 ತಿಂಗಳಿನಿಂದ 36 ತಿಂಗಳಿಗೆ ಇಳಿಸಿತು. 65 ದಾಟಿದವರಿಗೂ ವಿಮೆ ಮಾರಲು ಅವಕಾಶವಾಗುವಂತೆ ವಯಸ್ಸಿನ ಮಿತಿಯನ್ನೂ ತೆಗೆಯಿತು. ಹಾಗಿದ್ದರೂ ಮೂರು ವರ್ಷ ಮೂರು ವರ್ಷವೇ. ಊರಿಗೆ ಹೋಗಿ ವಿಮೆ ಮಾಡಿಸಿದರೆ ಹೃದಯ, ಸಕ್ಕರೆ, ರಕ್ತದೊತ್ತಡದ ಖರ್ಚೆಲ್ಲ ಆ ಮೂರು ವರ್ಷ ನಿಮ್ಮದೇ ಆಗಬಹುದು. ಇಲ್ಲಿ ಇರುವಾಗಲೇ, ಹೊರಡುವುದಕ್ಕೆ ನಾಲ್ಕು ವರ್ಷ ಮೊದಲು, ಅಲ್ಲಿನ ಪಾಲಿಸಿ ತೆಗೆದುಕೊಂಡು ಕಾಯಿಲೆಯನ್ನು ಮುಚ್ಚಿಡದೆ ಬರೆಸಿ. ಎರಡೆರಡು ಪ್ರೀಮಿಯಂ ಯಾಕೆ ಎಂದು ಅನ್ನಿಸುತ್ತದೆ. ಬೈಪಾಸ್ ಆಪರೇಷನ್ನಿನ ಬಿಲ್ಲು ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ.

ಇಲ್ಲೇ ಉಳಿಯಬಹುದಲ್ಲ ಎಂದು ಕೇಳುವವರಿದ್ದಾರೆ. ಹೌದು, ಯುಎಇಯಲ್ಲಿ ಈಗ 55 ದಾಟಿದವರಿಗೆ 5 ವರ್ಷದ ನಿವೃತ್ತಿ ವೀಸಾ ಇದೆ, ನವೀಕರಿಸಲೂಬಹುದು. ಆದರೆ ಹತ್ತು ಲಕ್ಷ ದಿರ್ಹಂ ಉಳಿತಾಯ ಅಥವಾ ಅಷ್ಟು ಬೆಲೆಯ ಆಸ್ತಿ ಬೇಕು, ಇಲ್ಲವೇ ತಿಂಗಳಿಗೆ ನಿಗದಿತ ದೊಡ್ಡ ಆದಾಯ ಬೇಕು. ಈ ಸಭಾಂಗಣದಲ್ಲಿ ಅಂಥವರು ಕೆಲವರಿರಬಹುದು, ಅವರಿಗೆ ಅಭಿನಂದನೆ. ಮಿಕ್ಕವರ ಟಿಕೆಟ್ ಒಂದೇ ದಿಕ್ಕಿನದು.

ಇನ್ನು ನಾನು ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ.

ಆಲ್ಫ್ರೆಡ್ ಶುಟ್ಜ್ ಎಂಬ ಸಮಾಜಶಾಸ್ತ್ರಜ್ಞ ವಿಯೆನ್ನಾದವನು. ನಾಜಿಗಳ ಕಾಲದಲ್ಲಿ ಊರು ಬಿಟ್ಟು 1939ರಲ್ಲಿ ಅಮೆರಿಕ ಸೇರಿದ. 1945ರಲ್ಲಿ, ಯುದ್ಧ ಮುಗಿಯುತ್ತಾ ಬಂದಿದ್ದ ಹೊತ್ತಿನಲ್ಲಿ, ಮನೆಗೆ ಮರಳುವವನ ಬಗ್ಗೆ ಒಂದು ಪ್ರಬಂಧ ಬರೆದ. ಅವನ ಮಾತಿನ ಸಾರ ಸರಳ. ಪರದೇಶಕ್ಕೆ ಹೋಗುವವನು ಎಲ್ಲ ಹೊಸದಾಗಿರುತ್ತದೆ ಎಂದು ಸಿದ್ಧನಾಗಿಯೇ ಹೋಗುತ್ತಾನೆ. ಮನೆಗೆ ಮರಳುವವನು ಎಲ್ಲ ಮೊದಲಿನಂತೆಯೇ ಇರುತ್ತದೆ ಎಂದುಕೊಂಡು ಹೋಗುತ್ತಾನೆ. ಆದ್ದರಿಂದ ಅವನಿಗೆ ಬೀಳುವ ಪೆಟ್ಟು ಜೋರು. ಊರು ಬದಲಾಗಿದೆ, ಅವನೂ ಬದಲಾಗಿದ್ದಾನೆ, ಎರಡು ಕಡೆಯವರಿಗೂ ಆ ಸುದ್ದಿ ಮುಟ್ಟಿಲ್ಲ. ಗಲ್ಫಿಗೆ ಬರುವಾಗ ನಾವು ಎಷ್ಟು ತಯಾರಿ ಮಾಡಿದ್ದೆವು! 2006ರವರೆಗೆ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಇರಲಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೊಂಬಾಯಿಗೆ ಹೋಗಿ, ಏಜೆಂಟನ ಕಚೇರಿಯಲ್ಲಿ ದಿನಗಟ್ಟಲೆ ಕಾದು, ಹಿರಿಯರಿಂದ ಬುದ್ಧಿಮಾತು ಕೇಳಿ ಬಂದವರು ನಾವು. ವಾಪಸ್ ಹೋಗುವುದಕ್ಕೆ ಮಾಡುವ ತಯಾರಿ ಏನು? ಎರಡು ಪೆಟ್ಟಿಗೆ, ಕಾರ್ಗೋದಲ್ಲಿ ಒಂದು ಟಿವಿ.

ಕುಟುಂಬವನ್ನು ಇಲ್ಲಿಗೆ ಕರೆಸಿಕೊಳ್ಳಲು ಸಾಧ್ಯವಾಗದವರ ಬಗ್ಗೆ ಮೊದಲು ಹೇಳುತ್ತೇನೆ, ನಮ್ಮ ಸಂಘಗಳ ವೇದಿಕೆಯಲ್ಲಿ ಅವರ ಮಾತು ಬರುವುದು ಕಡಿಮೆ. ಕುಟುಂಬದ ವೀಸಾಕ್ಕೆ 4,000 ದಿರ್ಹಂ ಸಂಬಳ, ಅಥವಾ ವಸತಿಯೊಂದಿಗೆ 3,000 ಇರಬೇಕು. ಕಾಗದದಲ್ಲಿ ಅಷ್ಟಿದ್ದರೂ ಬಾಡಿಗೆ ಮತ್ತು ಶಾಲೆಯ ಫೀಸು ಕೊಟ್ಟು ಬದುಕಲಾಗದು. ಹಾಗಾಗಿ ಹೆಂಡತಿ ಊರಿನಲ್ಲಿ, ಗಂಡ ಇಲ್ಲಿ ಆರು ಜನರ ಕೋಣೆಯಲ್ಲಿ, ಮೇಲಿನ ಮಂಚದಲ್ಲಿ. ವರ್ಷಕ್ಕೆ 30 ದಿನ ರಜೆ. 25 ವರ್ಷಕ್ಕೆ ಗುಣಿಸಿ: 750 ದಿನ. ಬೆಳ್ಳಿ ಹಬ್ಬದ ದಾಂಪತ್ಯದಲ್ಲಿ ಇಬ್ಬರೂ ಒಂದೇ ಸೂರಿನಡಿ ಇದ್ದದ್ದು ಎರಡು ವರ್ಷ ಚಿಲ್ಲರೆ. ಗ್ರಾಚುಟಿಯ ಲೆಕ್ಕವನ್ನು ನಾನು ಸಾವಿರ ಸಲ ಮಾಡಿದ್ದೇನೆ. ಈ ಲೆಕ್ಕವನ್ನು ಯಾವ ಹಾಳೆಯಲ್ಲೂ ಬರೆಯುವ ಪದ್ಧತಿ ಇಲ್ಲ.

ಉಳಿದ ಇಪ್ಪತ್ತಮೂರು ವರ್ಷ ಆ ಹೆಂಗಸು ಏನು ಮಾಡಿದಳು? ಮಕ್ಕಳನ್ನು ಶಾಲೆಗೆ ಸೇರಿಸಿದಳು, ಅತ್ತೆಯ ಆಸ್ಪತ್ರೆ ನೋಡಿದಳು, ಮೇಸ್ತ್ರಿಯ ಜೊತೆ ಜಗಳವಾಡಿ ಮನೆ ಕಟ್ಟಿಸಿದಳು, ಬ್ಯಾಂಕು, ಪಂಚಾಯತು, ಕರೆಂಟು ಬಿಲ್ಲು ಎಲ್ಲ ನಿಭಾಯಿಸಿದಳು. ಮನೆಯ ಯಜಮಾನಿಕೆ ಅವಳ ಕೈಗೆ ಹೋಗಿ ಎಷ್ಟೋ ಕಾಲವಾಗಿದೆ. ಈಗ ಒಂದು ದಿನ ಗಂಡ ಬಂದು, ‘ಇನ್ನು ನಾನಿದ್ದೇನೆ, ನೀನು ವಿಶ್ರಾಂತಿ ತೆಗೆದುಕೋ’ ಎನ್ನುತ್ತಾನೆ. ಪ್ರೀತಿಯಿಂದಲೇ ಹೇಳುತ್ತಾನೆ. ಅವಳಿಗೆ ಕೇಳಿಸುವುದು ಬೇರೆ. ಅವನಿಗೆ ನಿವೃತ್ತಿಯಾದರೆ ಅವಳಿಗೆ ಸೇವೆಯಿಂದ ವಜಾ. ಬೆಳಿಗ್ಗೆ ಹತ್ತಕ್ಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಗ್ಯಾಸು ಯಾಕೆ ಇಷ್ಟು ಬೇಗ ಮುಗಿಯುತ್ತದೆ, ಕೆಲಸದವಳಿಗೆ ಯಾಕೆ ಇಷ್ಟು ಸಂಬಳ ಎಂದು ಕೇಳುವ ಈ ಮನುಷ್ಯ, ವಾರಕ್ಕೊಮ್ಮೆ ಫೋನಿನಲ್ಲಿ ಮೃದುವಾಗಿ ಮಾತಾಡುತ್ತಿದ್ದವನೇ ಹೌದೇ ಎಂದು ಅವಳಿಗೆ ಸಂಶಯ ಬರುತ್ತದೆ. ನನಗೆ ಗೊತ್ತಿರುವ ಒಬ್ಬ ಸೈಟ್ ಸೂಪರ್‌ವೈಸರ್ ಊರಿಗೆ ಹೋದ ಆರನೆಯ ತಿಂಗಳಿಗೆ ಮತ್ತೆ ವೀಸಾ ಹುಡುಕಿಕೊಂಡು ಬಂದರು. ದುಡ್ಡಿನ ತೊಂದರೆ ಇರಲಿಲ್ಲ. ‘ಮನೆಯಲ್ಲಿ ನಾನು ಕೂರುವ ಕುರ್ಚಿ ಯಾವುದು ಎಂದು ಗೊತ್ತಾಗಲಿಲ್ಲ’ ಎಂದರು. ಆ ಮಾತಿಗೆ ನಾನು ಏನೂ ಉತ್ತರ ಕೊಡಲಿಲ್ಲ. ಈಗಲೂ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಆದರೆ ಕೆಲವು ದಾರಿಗಳನ್ನು ಹೇಳಬಲ್ಲೆ.

ಹೊರಡುವುದಕ್ಕೆ ಎರಡು ಮೂರು ವರ್ಷ ಮೊದಲೇ ಮನೆಯ ಹಣದ ಮಾತನ್ನು ಹೆಂಡತಿಯೊಡನೆ ಬಿಚ್ಚಿ ಆಡಿ. ಎಷ್ಟು ಕಳಿಸುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತು. ಎಷ್ಟು ಉಳಿದಿದೆ, ಎಲ್ಲಿದೆ, ಯಾರ ಹೆಸರಿನಲ್ಲಿದೆ, ಯಾರಿಗೆ ಸಾಲ ಕೊಟ್ಟಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ಅದೇ ರೀತಿ ಮನೆಯ ನಿಜವಾದ ಖರ್ಚು ನಿಮಗೆ ಗೊತ್ತಿರುವುದಿಲ್ಲ. ಆರು ತಿಂಗಳು ಅವಳೇ ಬರೆದಿಟ್ಟ ಲೆಕ್ಕವನ್ನು ಅವಳಿಂದಲೇ ಕೇಳಿ ತಿಳಿದುಕೊಳ್ಳಿ, ತಪಾಸಣೆಗೆ ಬಂದ ಆಡಿಟರ್‌ನಂತೆ ಕೇಳಬೇಡಿ. ಯಾವ ಕೆಲಸ ನಿಮಗೆ ಬಿಟ್ಟುಕೊಡಲು ಅವಳಿಗೆ ಇಷ್ಟ ಎಂದು ಕೇಳಿ. ಕೆಲವರಿಗೆ ಸಂತೆಯ ಕೆಲಸ ಸಾಕಾಗಿರುತ್ತದೆ, ಕೆಲವರಿಗೆ ಬ್ಯಾಂಕಿನ ಕ್ಯೂ. ಅಷ್ಟನ್ನು ತೆಗೆದುಕೊಳ್ಳಿ. ಉಳಿದದ್ದು ಅವಳದ್ದೇ ಆಗಿರಲಿ.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಅಪ್ಪ ಎಂದರೆ ಚಾಕಲೇಟಿನ ಪೆಟ್ಟಿಗೆ ಎಂದು ಬೆಳೆದ ಹುಡುಗ ಈಗ ಇಪ್ಪತ್ತೆರಡರವನು. ಅವನಿಗೆ ಬುದ್ಧಿ ಹೇಳುವ ಅಧಿಕಾರ ರಕ್ತಸಂಬಂಧದಿಂದ ತಾನಾಗಿ ಬರುವುದಿಲ್ಲ. ಮೊದಲ ವರ್ಷ ಅವನ ಗೆಳೆಯರ ಹೆಸರು ಕಲಿತರೆ ಸಾಕು.

ಇಲ್ಲಿ ಕುಟುಂಬದೊಂದಿಗೆ ಇದ್ದವರ ಪಾಡು ಬೇರೆ ತರಹದ್ದು. ಗಂಡನ ವೀಸಾದ ಜೊತೆ ಹೆಂಡತಿಯ ವಾಸವೂ ಮುಗಿಯುತ್ತದೆ. ಕರಾಮಾದ ಕಟ್ಟಡದಲ್ಲಿ ಇಪ್ಪತ್ತು ವರ್ಷ ಒಟ್ಟಿಗೆ ಸಂಜೆ ಕಳೆದ ಗೆಳತಿಯರು, ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ವಾರಾಂತ್ಯದ ತರಗತಿ, ನವರಾತ್ರಿಯ ಭಜನೆ ಎಲ್ಲ ಅವಳದ್ದೂ ಹೋಗುತ್ತದೆ. ನಿವೃತ್ತಿಯ ಸನ್ಮಾನದಲ್ಲಿ ಶಾಲು ಗಂಡನಿಗೆ ಮಾತ್ರ. ಮಕ್ಕಳು ಕೆನಡಾದಲ್ಲೋ ಬೆಂಗಳೂರಿನಲ್ಲೋ. ಮಕ್ಕಳಿಗೆ ಊರು ಎಂದರೆ ದುಬೈ, ಆದರೆ ದುಬೈಯಲ್ಲಿ ಈಗ ಅಪ್ಪ ಅಮ್ಮನ ಮನೆ ಇಲ್ಲ. ಇನ್ನು, ಇಲ್ಲಿ ದುಡಿದ ನಮ್ಮ ನರ್ಸ್‌ಗಳು, ಶಿಕ್ಷಕಿಯರು. ಇಡೀ ಸಂಸಾರವನ್ನು ಹೊತ್ತ ಅವರು ಊರಿಗೆ ಹೋದ ಕೂಡಲೇ ಎಲ್ಲರೂ ಸೊಸೆಯ, ಅಜ್ಜಿಯ ಕೆಲಸ ಅವರ ಕೈಗಿಟ್ಟು ಸುಮ್ಮನಾಗುತ್ತಾರೆ. ಅವರ ಮೂವತ್ತು ವರ್ಷದ ಅನುಭವವನ್ನು ಯಾರೂ ಕೇಳುವುದಿಲ್ಲ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ, ಮನೆಯಲ್ಲೇ ಮಲಗಿರುವ ರೋಗಿಗಳ ಆರೈಕೆ, ಶಾಲೆಯ ಇಂಗ್ಲಿಷ್ ತರಗತಿ ಇಂಥ ಕಡೆ ಅವರು ಮೊದಲೇ ಸಂಪರ್ಕ ಇಟ್ಟುಕೊಂಡರೆ, ಸಮಾಜಕ್ಕಾಗುವ ಲಾಭ ಇರಲಿ, ಅವರಿಗೇ ಬೆಳಿಗ್ಗೆ ಏಳುವುದಕ್ಕೊಂದು ಕಾರಣ ಸಿಗುತ್ತದೆ.

ಬೆಳಿಗ್ಗೆ ಏಳುವ ಕಾರಣ ಎಂದೆ. ರಾಬರ್ಟ್ ಆಚ್ಲಿ ಎಂಬ ಅಮೆರಿಕದ ವೃದ್ಧಾಪ್ಯಶಾಸ್ತ್ರಜ್ಞ 1970ರ ದಶಕದಲ್ಲೇ ನಿವೃತ್ತಿಯ ಹಂತಗಳನ್ನು ಗುರುತಿಸಿದ. ಮೊದಲು ಮಧುಚಂದ್ರದಂಥ ಕಾಲ, ಆಮೇಲೆ ಭ್ರಮನಿರಸನ, ಆಮೇಲೆ ಹೊಸ ದಾರಿ ಹುಡುಕಿಕೊಳ್ಳುವ ಕಾಲ, ಕೊನೆಗೆ ಒಂದು ಸ್ಥಿರತೆ. ಎಲ್ಲರೂ ಎಲ್ಲ ಹಂತವನ್ನೂ ದಾಟಲೇಬೇಕೆಂದಿಲ್ಲ. ನಮ್ಮವರಲ್ಲಿ ಮಧುಚಂದ್ರ ಚೆನ್ನಾಗಿಯೇ ನಡೆಯುತ್ತದೆ. ಮೊದಲ ಮೂರು ತಿಂಗಳು ನೆಂಟರು, ಮದುವೆ ಮುಂಜಿ, ಕೋಲ, ಜಾತ್ರೆ, ಧರ್ಮಸ್ಥಳ, ಕೊಲ್ಲೂರು. ನಾಲ್ಕನೆಯ ತಿಂಗಳು ಫೋನು ಸುಮ್ಮನಾಗುತ್ತದೆ. ದೇವಸ್ಥಾನದ ಜೀರ್ಣೋದ್ಧಾರದ ರಸೀದಿ ಪುಸ್ತಕ ಹಿಡಿದು ಬರುವವರೂ ಕಡಿಮೆಯಾಗುತ್ತಾರೆ, ಇವರಿಗೆ ಈಗ ತಿಂಗಳ ಸಂಬಳ ಇಲ್ಲವೆಂದು ಊರಿಗೆ ಗೊತ್ತಾಗಿರುತ್ತದೆ. ಸೆಲೂನಿನಲ್ಲಿ ಯಾರೋ ಕೇಳುತ್ತಾರೆ, ‘ಈಗ ಏನು ಮಾಡಿಕೊಂಡಿದ್ದೀರಿ?’ ಇಷ್ಟು ವರ್ಷ ಆ ಪ್ರಶ್ನೆಗೆ ಒಂದೇ ಶಬ್ದದ ಉತ್ತರವಿತ್ತು. ‘ದುಬೈ’ ಎಂದರೆ ಸಾಕಿತ್ತು, ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ.

ಭ್ರಮನಿರಸನದ ಈ ಕಾಲವೇ ಅಪಾಯದ್ದು. ನಿದ್ದೆ ಬಾರದಿರುವುದು, ಸಣ್ಣ ಮಾತಿಗೆ ಸಿಟ್ಟು, ಮಧ್ಯಾಹ್ನದಿಂದಲೇ ಕುಡಿತ, ಯಾರನ್ನೂ ನೋಡಲು ಮನಸ್ಸಿಲ್ಲದಿರುವುದು ಇವನ್ನು ಸೋಮಾರಿತನ ಎಂದೋ ಗ್ರಹಚಾರ ಎಂದೋ ತಳ್ಳಿಹಾಕಬೇಡಿ. ಎರಡು ವಾರಕ್ಕಿಂತ ಹೆಚ್ಚು ಹೀಗೇ ಇದ್ದರೆ ವೈದ್ಯರನ್ನು ಕಾಣಿ. ಕೇಂದ್ರ ಸರ್ಕಾರದ ‘ಟೆಲಿ ಮಾನಸ್’ ಸಹಾಯವಾಣಿ 14416 ಸಂಖ್ಯೆಗೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಇಲ್ಲಿ ಬರೆದುಕೊಳ್ಳಲು ನಾಚಿಕೆಯಾದರೆ ಮನೆಗೆ ಹೋಗಿ ಬರೆದುಕೊಳ್ಳಿ.

ನಿವೃತ್ತಿಯ ನಂತರ ಏನಾದರೂ ವ್ಯಾಪಾರ ಮಾಡುತ್ತೇನೆ ಎನ್ನುವವರಿಗೆ ಒಂದು ಮಾತು. ಹೋಟೆಲು, ಕೋಳಿ ಫಾರಂ, ಸೂಪರ್ ಮಾರ್ಕೆಟ್ ಇವು ನಮ್ಮವರ ಮೂರು ಕನಸು. ಹೊತ್ತು ಕಳೆಯಲು ತೆರೆದ ಅಂಗಡಿ ಗ್ರಾಚುಟಿಯನ್ನು ಬೇಗ ಕಳೆಯುತ್ತದೆ. ಕೆಲಸ ಬೇಕಿರುವುದು ಮನಸ್ಸಿಗೋ ಜೇಬಿಗೋ ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಮನಸ್ಸಿಗೆ ಬೇಕಿದ್ದರೆ ಬಂಡವಾಳ ಹಾಕದ ಕೆಲಸಗಳು ಬಹಳ ಇವೆ. ಎಲೆಕ್ಟ್ರಿಷಿಯನ್, ವೆಲ್ಡರ್, ಎಸಿ ಮೆಕ್ಯಾನಿಕ್ ಆಗಿದ್ದವರು ಹತ್ತಿರದ ಐಟಿಐ ಹುಡುಗರಿಗೆ ವಾರಕ್ಕೆರಡು ದಿನ ಕೈಕೆಲಸ ತೋರಿಸಬಹುದು. ಗಲ್ಫಿಗೆ ಹೊರಟ ಹುಡುಗರ ಕರಾರುಪತ್ರ ಓದಿ, ಬೇಸಿಕ್ ಎಷ್ಟಿದೆ ನೋಡಿ ಎಂದು ಹೇಳಬಹುದು. ಆ ತಿಳಿವಳಿಕೆ ನಿಮ್ಮಷ್ಟು ಯಾರಿಗಿದೆ?

ಇದೆಲ್ಲ ಹೊರಡುವ ವರ್ಷ ಶುರುವಾಗುವ ಕೆಲಸವಲ್ಲ. ಆದ್ದರಿಂದ ಒಂದು ಸಲಹೆ ಕೊಡುತ್ತೇನೆ, ಖರ್ಚಿಲ್ಲದ್ದು. ನಾವೆಲ್ಲ ರಜೆ ಹಾಕುವುದು ಏಪ್ರಿಲ್ ಮೇ ತಿಂಗಳಲ್ಲಿ, ಇಲ್ಲವೇ ಡಿಸೆಂಬರಿನಲ್ಲಿ. ಮದುವೆ, ಹಬ್ಬ, ಮಾವಿನಹಣ್ಣು. ಊರಿಡೀ ಬಿಡುವಾಗಿರುತ್ತದೆ, ನಾವು ಅತಿಥಿಗಳು. ಅದನ್ನು ನೋಡಿ, ಊರಿನಲ್ಲಿ ಬದುಕು ಹೀಗೇ ಇರುತ್ತದೆ ಎಂದುಕೊಳ್ಳುತ್ತೇವೆ. ಐವತ್ತು ದಾಟಿದವರು ಒಂದು ವರ್ಷ ಜುಲೈಯಲ್ಲಿ ರಜೆ ಹಾಕಿ. ಮಳೆ ಬಿಡದೆ ಸುರಿಯುತ್ತಿರುತ್ತದೆ, ಬಟ್ಟೆ ಒಣಗುವುದಿಲ್ಲ, ಕರೆಂಟು ಹೋಗುತ್ತದೆ, ಮಕ್ಕಳಿಗೆ ಶಾಲೆ ಕಾಲೇಜು, ಊರವರಿಗೆ ಅವರವರ ಕೆಲಸ, ನಿಮ್ಮನ್ನು ನೋಡಲು ಯಾರೂ ಬರುವುದಿಲ್ಲ. ಉಡುಗೊರೆ ಏನೂ ಒಯ್ಯಬೇಡಿ. ಹೆಂಡತಿಯ ದಿನ ಎಷ್ಟು ಗಂಟೆಗೆ ಶುರುವಾಗಿ ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಸುಮ್ಮನೆ ನೋಡಿ. ಮೂವತ್ತು ದಿನ ಹಾಗೆ ಇದ್ದು ಬಂದು, ಮುಂದಿನ ಸಮ್ಮೇಳನದಲ್ಲಿ ಅದರ ಬಗ್ಗೆ ನೀವೇ ಈ ಮೈಕಿನ ಮುಂದೆ ನಿಂತು ಮಾತಾಡಿ, ನಾನು ಕೆಳಗೆ ಕೂತು ಕೇಳುತ್ತೇನೆ.

ಕರಾರುಪತ್ರ ಅಥವಾ ಗ್ರಾಚುಟಿಯ ಲೆಕ್ಕದಲ್ಲಿ ಸಂಶಯವಿದ್ದವರು ಊಟದ ಹೊತ್ತಿಗೆ ಬಲಗಡೆಯ ಮೇಜಿನ ಹತ್ತಿರ ಬನ್ನಿ, ಕ್ಯಾಲ್ಕುಲೇಟರ್ ತಂದಿದ್ದೇನೆ.